ಕಾರ್ಡಿನ ಲೆಕ್ಕ, ಕಾಲಿನ ಲೆಕ್ಕ

ಸ್ವಿಟ್ಜರ್ಲೆಂಡಿಗೆ ಹೋಗಿಬಂದವರ ಮನೆಯಲ್ಲಿ ಫೋಟೊ ನೋಡಿ ಮುಗಿದ ಮೇಲೆ ಎರಡು ಪ್ರಶ್ನೆ ಏಳುತ್ತವೆ. ‘ಎಷ್ಟು ಖರ್ಚಾತು?’ ಎಂಬುದು ಮೊದಲನೆಯದು, ‘ಪಾಸ್ ತಗೊಂಡಿದ್ರೇನು?’ ಎಂಬುದು ಎರಡನೆಯದು. ಮೊದಲನೆಯದಕ್ಕೆ ಯಾರೂ ನಿಜ ಹೇಳುವುದಿಲ್ಲ. ಎರಡನೆಯದಕ್ಕೆ ಎಲ್ಲರದೂ ಒಂದೇ ಉತ್ತರ: ‘ತಗೊಳ್ಳಾಕ ಬೇಕ್ರೀ, ಇಲ್ಲಾಂದ್ರ ಮುಳುಗಿ ಹೋಗ್ತೀರಿ.’ ಬ್ಯಾಂಕಿನ ಸಾಲ ವಿಭಾಗದಲ್ಲಿ ವರ್ಷಗಟ್ಟಲೆ ಕೂತವನಿಗೆ, ಎಲ್ಲರೂ ಒಂದೇ ಮಾತು ಹೇಳಿದರೆ ಅನುಮಾನ ಬರುವುದು ಒಂದು ಚಾಳಿ. ಅದು ನಿವೃತ್ತಿಯಾದ ಮೇಲೂ ಹೋಗಿಲ್ಲ.

2024ರ ಬೇಸಿಗೆಯಲ್ಲಿ ನಾವು ಹೊರಟಾಗ ಈ ಅನುಮಾನವನ್ನು ಪರೀಕ್ಷಿಸಿ ನೋಡುವ ಅವಕಾಶ ತಾನಾಗಿ ಒದಗಿತು. ಹೊರಟವರು ಎರಡು ಜೋಡಿ: ನಾನು ಮತ್ತು ನನ್ನ ಹೆಂಡತಿ, ಜೊತೆಗೆ ನನ್ನ ಷಡ್ಡಕ ಮತ್ತು ಅವರ ಹೆಂಡತಿ. ಷಡ್ಡಕರು ಊರಲ್ಲೇ ಒಬ್ಬ ಏಜೆಂಟರ ಕಡೆಯಿಂದ ಎಲ್ಲ ಮಾಡಿಸಿಕೊಂಡಿದ್ದರು. ಹೋಟೆಲು, ವಿಮಾನದ ಜೊತೆಗೆ ‘ಸ್ವಿಸ್ ಟ್ರಾವೆಲ್ ಪಾಸ್’ ಕೂಡ ಆ ಕಟ್ಟಿನಲ್ಲೇ ಬಂದಿತ್ತು. ನಮ್ಮ ಮಗ ಜ್ಯೂರಿಕ್‌ನಲ್ಲಿ ಕೆಲಸದಲ್ಲಿದ್ದಾನೆ. ಅವನು ಫೋನಿನಲ್ಲಿ, ‘ಅಪ್ಪಾ, ನಿಮ್ಮ ಓಡಾಟಕ್ಕ ಪಾಸ್ ಬ್ಯಾಡ. ಹಾಫ್ ಫೇರ್ ಕಾರ್ಡ್ ತಗೋರಿ, ಸಾಕು’ ಅಂದ. ಅವನ ಮಾತು ಕೇಳಿ ನಾವಿಬ್ಬರೂ ಅದನ್ನೇ ತೆಗೆದುಕೊಂಡೆವು. ಒಂದೇ ದೇಶ, ಒಂದೇ ಹವೆ, ಬಹುಪಾಲು ಒಂದೇ ಜಾಗಗಳು, ಎರಡು ಬಗೆಯ ಕಾರ್ಡು.

ಕಾರ್ಡುಗಳ ಸ್ವಭಾವ ಮೊದಲು ತಿಳಿಯಬೇಕು. ಟ್ರಾವೆಲ್ ಪಾಸ್ ಕೊಂಡರೆ ಅಷ್ಟು ದಿನ ರೈಲು, ಬಸ್ಸು, ಸರೋವರದ ದೋಣಿ, ಊರೊಳಗಿನ ಟ್ರಾಮು ಎಲ್ಲಕ್ಕೂ ಮತ್ತೆ ಟಿಕೆಟ್ ಬೇಡ. ಐನೂರಕ್ಕೂ ಹೆಚ್ಚು ಮ್ಯೂಸಿಯಮ್ಮುಗಳಿಗೂ ಅದೇ ಸಾಕು. 2024ರಲ್ಲಿ ಎರಡನೇ ದರ್ಜೆಯ ಪಾಸಿಗೆ ಮೂರು ದಿನಕ್ಕೆ 244 ಫ್ರಾಂಕ್, ಆರು ದಿನಕ್ಕೆ 379, ಹದಿನೈದು ದಿನಕ್ಕೆ 459. ಹಾಫ್ ಫೇರ್ ಕಾರ್ಡಿಗೆ ಆಗ 120 ಫ್ರಾಂಕ್. ಒಂದು ತಿಂಗಳು ನಡೆಯುತ್ತದೆ. ಅದರಲ್ಲಿ ಯಾವುದೂ ಪುಕ್ಕಟೆಯಲ್ಲ, ಆದರೆ ಹೆಚ್ಚುಕಡಿಮೆ ಎಲ್ಲವೂ ಅರ್ಧ ಬೆಲೆ.

ಇಲ್ಲಿಗೆ ಬಂದಾಗ ಪೆನ್ನು ಹಿಡಿಯಬೇಕು. ಆರು ದಿನದ ಪಾಸಿಗೂ ಅರ್ಧ ಬೆಲೆಯ ಕಾರ್ಡಿಗೂ ವ್ಯತ್ಯಾಸ 259 ಫ್ರಾಂಕ್. ಅಂದರೆ ಆ ಆರು ದಿನದಲ್ಲಿ ನೀವು ಪೂರ್ತಿ ದರದ ಲೆಕ್ಕದಲ್ಲಿ 518 ಫ್ರಾಂಕಿಗಿಂತ ಹೆಚ್ಚಿನ ಪ್ರಯಾಣ ಮಾಡಿದರೆ ಮಾತ್ರ ಪಾಸ್ ಗೆಲ್ಲುತ್ತದೆ. ದಿನಕ್ಕೆ 86 ಫ್ರಾಂಕ್ ಆಯಿತು. ಜ್ಯೂರಿಕ್‌ನಿಂದ ಲುಸರ್ನ್‌ಗೆ ಹೋಗಿಬರಲು ಪೂರ್ತಿ ದರವೇ ಐವತ್ತು ಚಿಲ್ಲರೆ ಫ್ರಾಂಕ್. ಅದರ ಜೊತೆ ರಿಗಿ ಬೆಟ್ಟ ಹತ್ತಿದ ದಿನ ಪಾಸಿನವರು ಲಾಭದಲ್ಲಿ; ಲುಸರ್ನ್‌ನ ಹಳೇ ಮರದ ಸೇತುವೆ ನೋಡಿ, ಸರೋವರದ ದಂಡೆಯಲ್ಲಿ ಕೂತು ಬಂದ ದಿನ ನಷ್ಟದಲ್ಲಿ. ಮೂರು ದಿನದ ಪಾಸಿನ ಲೆಕ್ಕವೂ ಹೆಚ್ಚುಕಡಿಮೆ ಇದೇ, ದಿನಕ್ಕೆ 83. ಹದಿನೈದು ದಿನದ್ದು ಮಾತ್ರ ಬೇರೆ ಜಾತಿ. ಅಲ್ಲಿ ದಿನಕ್ಕೆ 45 ಫ್ರಾಂಕಿನಷ್ಟು ತಿರುಗಿದರೂ ಪಾಸ್ ಗಿಟ್ಟುತ್ತದೆ. ದರಗಳು ವರ್ಷ ವರ್ಷ ಏರುತ್ತವೆ, ನೀವು ಹೋಗುವಾಗ ಈ ಅಂಕಿಗಳು ಇರಲಿಕ್ಕಿಲ್ಲ. ಆದರೂ ಲೆಕ್ಕ ಹಾಕುವ ಕ್ರಮ ಇದೇ: ಎರಡರ ವ್ಯತ್ಯಾಸ ತೆಗೆದು, ಎರಡರಿಂದ ಗುಣಿಸಿ, ದಿನಗಳಿಂದ ಭಾಗಿಸುವುದು.

ಈ ಲೆಕ್ಕದೊಳಗೆ ಒಂದು ಕಲ್ಲು ಇದೆ; ಅದಕ್ಕೆ ನಮ್ಮವರೇ ಹೆಚ್ಚು ಎಡವುತ್ತಾರೆ. ಭಾರತದಿಂದ ಹೋದವರು ಯುಂಗ್‌ಫ್ರಾಯೊಖ್‌ಗೆ ಹೋಗದೆ ಬರುವುದಿಲ್ಲ. 3,454 ಮೀಟರ್ ಎತ್ತರದ ಆ ನಿಲ್ದಾಣಕ್ಕೆ 1912ರಿಂದ ಬೆಟ್ಟದ ಹೊಟ್ಟೆಯೊಳಗಿನ ಸುರಂಗದಲ್ಲಿ ರೈಲು ಹತ್ತುತ್ತಿದೆ. ಇಡೀ ಪ್ರವಾಸದಲ್ಲಿ ಅದಕ್ಕಿಂತ ದುಬಾರಿ ಟಿಕೆಟ್ ಇನ್ನೊಂದಿಲ್ಲ. ‘ಎಲ್ಲ ಒಳಗೊಂಡ’ ಪಾಸ್ ಅಲ್ಲಿ ಗ್ರಿಂಡೆಲ್‌ವಾಲ್ಡ್ ಅಥವಾ ವೆಂಗೆನ್ ತನಕ ಮಾತ್ರ ನಡೆಯುತ್ತದೆ, ಮುಂದಕ್ಕೆ ಕಾಲು ಭಾಗದ ರಿಯಾಯಿತಿ ಅಷ್ಟೇ. ಅರ್ಧ ಬೆಲೆಯ ಕಾರ್ಡಿಗೆ ತುದಿಯವರೆಗೂ ಅರ್ಧ ಬೆಲೆ. ನಮ್ಮ ಷಡ್ಡಕರಿಗೆ ಇದು ಗೊತ್ತಾಗಿದ್ದು ಇಂಟರ್‌ಲಾಕನ್ ನಿಲ್ದಾಣದ ಕೌಂಟರಿನಲ್ಲಿ. ಏಜೆಂಟರು ‘ಎಲ್ಲಾ ಫ್ರೀ ಸರ್’ ಅಂದಿದ್ದರಂತೆ. ‘ಎಲ್ಲಾ’ ಅನ್ನುವುದರಲ್ಲಿ ಯಾವುದಿಲ್ಲ ಎಂದು ಇವರು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ. ರಿಗಿಯಲ್ಲಿ ಇದಕ್ಕೆ ಉಲ್ಟಾ. 1871ರಲ್ಲಿ ಶುರುವಾದ, ಯುರೋಪಿನ ಮೊದಲ ಬೆಟ್ಟದ ರೈಲು ಅದು; ಪಾಸಿದ್ದರೆ ಒಂದು ಪೈಸೆ ಕೊಡಬೇಕಿಲ್ಲ. ಟಿಟ್ಲಿಸ್‌ನಲ್ಲಿ ಎರಡೂ ಕಾರ್ಡಿಗೆ ಅರ್ಧ. ಬೆಟ್ಟ ಬೆಟ್ಟಕ್ಕೂ ಒಂದೊಂದು ನ್ಯಾಯ. ಆದ್ದರಿಂದ ನೀವು ಯಾವ ಬೆಟ್ಟ ಹತ್ತುತ್ತೀರಿ ಎಂದು ಗೊತ್ತಾಗುವ ಮೊದಲೇ ಕಾರ್ಡ್ ಕೊಳ್ಳುವುದು, ಹೆಣ್ಣು ನೋಡುವ ಮೊದಲೇ ಛತ್ರ ಬುಕ್ ಮಾಡಿದಂತೆ.

ಇದೆಲ್ಲ ದುಡ್ಡಿನ ಮಾತಾಯಿತು. ಇನ್ನೊಂದು ವ್ಯತ್ಯಾಸ ನನಗೆ ಅಲ್ಲಿಗೆ ಹೋದ ಮೇಲೆಯೇ ಕಂಡದ್ದು, ಅದೇ ದೊಡ್ಡದು. ಪಾಸ್ ದಿನಕ್ಕೆ ದುಡ್ಡು ತೆಗೆದುಕೊಳ್ಳುತ್ತದೆ, ಅರ್ಧ ಬೆಲೆಯ ಕಾರ್ಡ್ ಪ್ರಯಾಣಕ್ಕೆ. ಹವೆ ಚೆನ್ನಾಗಿರುವ ತನಕ ಇದರಿಂದ ಏನೂ ವ್ಯತ್ಯಾಸವಿಲ್ಲ. ಮೋಡ ಕವಿದ ದಿನ ಗೊತ್ತಾಗುತ್ತದೆ. ಅಲ್ಲಿ ಬೆಟ್ಟದ ನಿಲ್ದಾಣಗಳಲ್ಲಿ, ಮೇಲೆ ಈಗ ಹೇಗಿದೆ ಎಂದು ತೋರಿಸುವ ಕ್ಯಾಮೆರಾ ಚಿತ್ರ ಟೀವಿಯಲ್ಲಿ ಓಡುತ್ತಿರುತ್ತದೆ. ಒಂದು ಬೆಳಿಗ್ಗೆ ಆ ಪರದೆ ಹಾಲು ಚೆಲ್ಲಿದಂತೆ ಬೆಳ್ಳಗಿತ್ತು. ನಾವು ಮರಳಿ ಊರೊಳಗೆ ನಡೆದು, ಕಾಫಿ ಕುಡಿದು, ಮಗನ ಮನೆಗೆ ಹೋಗಿ ಚಿತ್ರಾನ್ನ ಮಾಡಿಕೊಂಡು ತಿಂದೆವು. ಬೆಟ್ಟದ ಖರ್ಚು ಸೊನ್ನೆ. ಷಡ್ಡಕರು ಮಾತ್ರ, ‘ರೊಕ್ಕ ಕೊಟ್ಟಾಗೇದ, ಮನ್ಯಾಗ ಕೂತ್ರ ಯಾರಿಗ್ರೀ ಲಾಭ?’ ಎನ್ನುತ್ತ ಹೆಂಡತಿಯನ್ನು ಕರೆದುಕೊಂಡು ಮೇಲೆ ಹೋದರು. ಸಂಜೆ ತೋರಿಸಿದ ಫೋಟೊಗಳಲ್ಲಿ ಅವರಿಬ್ಬರು ಮತ್ತು ಒಂದು ಕಬ್ಬಿಣದ ಕಟಕಟೆ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಎರಡು ದಿನ ಬಿಟ್ಟು ಬಿಸಿಲು ಬಂದಾಗ ನಾವು ಅದೇ ಬೆಟ್ಟ ಹತ್ತಿದೆವು. ಅಷ್ಟರಲ್ಲಿ ಅವರ ಪಾಸಿನ ದಿನಗಳು ಮುಗಿದಿದ್ದವು.

ಆ ದಿನಗಳು ಎಣಿಕೆಯಾಗುವ ರೀತಿಯನ್ನೂ ಗಮನಿಸಬೇಕು. ಅದು ಕ್ಯಾಲೆಂಡರ್ ದಿನ, ಇಪ್ಪತ್ನಾಲ್ಕು ತಾಸಲ್ಲ. ಏಜೆಂಟರು ವಿಮಾನ ಇಳಿದ ದಿನದಿಂದಲೇ ಪಾಸ್ ಶುರು ಮಾಡಿಸಿದ್ದರು. ಇಳಿದದ್ದು ಸಂಜೆ. ವಿಮಾನ ನಿಲ್ದಾಣದಿಂದ ಊರಿಗೆ ಹೋಗುವ ಹತ್ತು ಹನ್ನೆರಡು ನಿಮಿಷದ ರೈಲಿಗೆ ಒಂದು ಇಡೀ ದಿನದ ಬೆಲೆ ಹೋಯಿತು. ಬಿಡಿಬಿಡಿ ದಿನ ಆರಿಸಿಕೊಳ್ಳುವ ‘ಫ್ಲೆಕ್ಸ್’ ಪಾಸೂ ಇದೆ, ಒಂದು ತಿಂಗಳೊಳಗೆ ಬೇಕಾದ ದಿನ ಬಳಸಬಹುದು. ಅದಕ್ಕೆ ಬೆಲೆ ಸ್ವಲ್ಪ ಹೆಚ್ಚು. ನನ್ನ ಕೇಳಿದರೆ, ವಯಸ್ಸಾದವರು ಪಾಸೇ ಬೇಕೆಂದರೆ ಅದನ್ನೇ ಕೊಳ್ಳಬೇಕು.

ಪಾಸಿನ ಪರವಾಗಿ ಹೇಳಬೇಕಾದ್ದೂ ಇದೆ. ನಮ್ಮ ಮನೆಯವಳು ಅದನ್ನು ದಿನಕ್ಕೊಮ್ಮೆ ಹೇಳುತ್ತಿದ್ದಳು. ಪಾಸಿನವರು ಬಂದ ರೈಲು ಹತ್ತಿ ಕೂರುತ್ತಾರೆ. ನಾವು ಪ್ರತಿ ಸಲ ಹತ್ತುವ ಮೊದಲು ಟಿಕೆಟ್ ಕೊಳ್ಳಬೇಕು. ಮೆಷಿನ್ನಿನಲ್ಲಿ ‘1/2’ ಎಂಬ ಗುಂಡಿ ಒತ್ತಲು ಮರೆತರೆ ಪೂರ್ತಿ ದರ, ಟಿಕೆಟ್ಟೇ ಇಲ್ಲದೆ ಹತ್ತಿದರೆ ಭಾರಿ ದಂಡ. ‘ಈ ವಯಸ್ಸಿನ್ಯಾಗ ಮೆಷಿನ್ ಮುಂದ ನಿಂತು ಪರೀಕ್ಷಾ ಬರೀತೀರಿ ನೀವು’ ಎಂದು ಅವಳ ದೂರು. ಮಗ ಮೊಬೈಲಿನಲ್ಲಿ ಸ್ವಿಸ್ ರೈಲ್ವೆಯ ಆ್ಯಪ್ ಹಾಕಿಕೊಟ್ಟ ಮೇಲೆ ಆ ತೊಂದರೆ ಬಹಳ ಕಡಿಮೆಯಾಯಿತು. ಇನ್ನೊಂದು ಉಪಾಯವನ್ನೂ ಅವನೇ ಹೇಳಿದ್ದು. ದೂರ ಹೋಗುವ ದಿನ ಮೊದಲೇ ಗೊತ್ತಿದ್ದರೆ ‘ಸೇವರ್ ಡೇ ಪಾಸ್’ ಮುಂಗಡ ಕೊಳ್ಳಬಹುದು. ಅರ್ಧ ಬೆಲೆಯ ಕಾರ್ಡ್ ಇದ್ದವರಿಗೆ ಅದು 29 ಫ್ರಾಂಕಿನಿಂದ ಶುರುವಾಗುತ್ತಿತ್ತು, ತಡ ಮಾಡಿದಷ್ಟೂ ಏರುತ್ತದೆ. ಆ ಒಂದು ದಿನ ನಮ್ಮ ಕೈಯಲ್ಲೂ ಪಾಸಿದ್ದಂತೆಯೇ. ಎರಡು ಕಾರ್ಡಿನವರೂ ಪಾಸ್‌ಪೋರ್ಟ್ ಜೊತೆಗೆ ಇಟ್ಟುಕೊಂಡೇ ಓಡಾಡಬೇಕು, ಟಿಕೆಟ್ ನೋಡುವವರು ಕೇಳುತ್ತಾರೆ.

ಮಕ್ಕಳ ವಿಷಯಕ್ಕೆ ಒಂದು ಮಾತು. ಆರರಿಂದ ಹದಿನೈದು ವರ್ಷದ ಮಕ್ಕಳಿಗೆ ‘ಫ್ಯಾಮಿಲಿ ಕಾರ್ಡ್’ ಎಂದು ಪುಕ್ಕಟೆ ಕೊಡುತ್ತಾರೆ, ದೊಡ್ಡವರ ಕಾರ್ಡಿನ ಜೊತೆ ಅವರ ಪ್ರಯಾಣಕ್ಕೆ ದುಡ್ಡಿಲ್ಲ. ಆದರೆ ಜೊತೆಗೆ ಅಪ್ಪ ಅಥವಾ ಅಮ್ಮ ಇರಬೇಕು. ಮೊಮ್ಮಕ್ಕಳನ್ನು ಕರೆದುಕೊಂಡು ಅಜ್ಜ ಅಜ್ಜಿ ಇಬ್ಬರೇ ಹೊರಡುವ ನಮ್ಮ ಪದ್ಧತಿ ಆ ನಿಯಮದಲ್ಲಿಲ್ಲ.

ಇನ್ನು, ದುಡ್ಡು ಕೊಟ್ಟು ಕೊಂಡ ಕಾರ್ಡುಗಳಿಗಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ದುಡ್ಡಿಲ್ಲದ ಕಾರ್ಡು. ಇಂಟರ್‌ಲಾಕನ್‌ನ ಹೋಟೆಲಿನಲ್ಲಿ ಕೋಣೆಯ ಕೀಲಿಯ ಜೊತೆ ಅತಿಥಿ ಕಾರ್ಡ್ ಕೊಟ್ಟರು, ಸುತ್ತಲಿನ ಬಸ್ಸುಗಳು ಅದರಲ್ಲೇ ನಡೆದವು. ಬರ್ನ್, ಬಾಸೆಲ್, ಜಿನೀವಾಗಳಲ್ಲೂ ರಾತ್ರಿ ತಂಗಿದವರಿಗೆ ಊರೊಳಗಿನ ಸಾರಿಗೆ ಹೀಗೆ ಸಿಗುತ್ತದೆ. ಪಾಸ್ ಇದ್ದವರು ಈ ಕಾರ್ಡನ್ನು ಜೇಬಿನಲ್ಲೇ ಮರೆತಿರುತ್ತಾರೆ. ಒಂದೇ ಬಸ್ಸಿಗೆ ಎರಡು ಸಲ ದುಡ್ಡು ಕೊಟ್ಟಿದ್ದೇವೆ ಎಂದು ಅವರಿಗೆ ಅನಿಸುವುದೂ ಇಲ್ಲ.

ಅಲ್ಲಿಂದ ಪ್ಯಾರಿಸ್‌ಗೆ ಹೋದೆವು. ಅಲ್ಲಿಯದು ಮ್ಯೂಸಿಯಮ್ಮುಗಳ ಪಾಸ್, 48, 96, 144 ತಾಸುಗಳ ಲೆಕ್ಕದಲ್ಲಿ ಮಾರುತ್ತಾರೆ. ಎಲ್ಲರೂ ಮೊದಲು ಕೇಳುವ ಐಫೆಲ್ ಗೋಪುರ ಅದರಲ್ಲಿಲ್ಲ. ಪಾಸ್ ಇದ್ದರೂ ಲೂವ್ರ್‌ಗೆ ಹೊತ್ತು ನಿಗದಿ ಮಾಡಿಕೊಂಡೇ ಹೋಗಬೇಕು, ಭದ್ರತಾ ತಪಾಸಣೆಯ ಸಾಲು ಯಾರಿಗೂ ತಪ್ಪುವುದಿಲ್ಲ. ಲೂವ್ರ್ ಮಂಗಳವಾರ ಮುಚ್ಚಿರುತ್ತದೆ, ಓರ್ಸೆ ಮ್ಯೂಸಿಯಂ ಮತ್ತು ವರ್ಸೈ ಅರಮನೆ ಸೋಮವಾರ. ಭಾನುವಾರ ಸಂಜೆ ಊರು ಸೇರಿ 48 ತಾಸಿನ ಪಾಸ್ ಶುರು ಮಾಡಿದವನ ಪಾಡು ನೀವೇ ಊಹಿಸಿ. ಹದಿನೆಂಟರ ಒಳಗಿನವರಿಗೆ ಸರ್ಕಾರಿ ಮ್ಯೂಸಿಯಮ್ಮುಗಳಲ್ಲಿ ಟಿಕೆಟ್ಟೇ ಇಲ್ಲ, ಅವರಿಗೆ ಪಾಸ್ ಕೊಳ್ಳುವುದು ದಾನ ಮಾಡಿದಂತೆ. ಎಲ್ಲಕ್ಕಿಂತ ಮುಖ್ಯ, ದಿನಕ್ಕೆ ಎಷ್ಟು ಮ್ಯೂಸಿಯಂ ನೋಡಬಹುದು ಎಂಬುದನ್ನು ಮೊಣಕಾಲು ನಿರ್ಧರಿಸುತ್ತದೆ. ನನ್ನ ಹೆಂಡತಿಯ ಮೊಣಕಾಲಿಗೆ ದಿನಕ್ಕೆ ಒಂದು. ಓರ್ಸೆ ಹಿಂದೆ ರೈಲು ನಿಲ್ದಾಣವಾಗಿತ್ತು, 1900ರ ಜಾಗತಿಕ ಪ್ರದರ್ಶನಕ್ಕೆಂದು ಕಟ್ಟಿದ್ದು. ಅದರ ದೊಡ್ಡ ಗಡಿಯಾರದ ಹತ್ತಿರ ಒಂದು ಬೆಂಚಿನಲ್ಲಿ ಅವಳು ಕೂತಳು, ನಾನೂ ಕೂತೆ. ಬಿಡಿ ಟಿಕೆಟ್ ಕೊಂಡು ಒಳಗೆ ಬಂದವರಿಗೆ ಏಳಬೇಕೆಂಬ ಅವಸರವಿರಲಿಲ್ಲ. ಷಡ್ಡಕರು ಮುಂದಿನ ಮ್ಯೂಸಿಯಮ್ಮಿಗೆ ಹೊರಟಾಗಿತ್ತು.

ಬೇರೆ ಊರುಗಳ ಕಥೆಯೂ ಇದೇ ಎಳೆಯದು. ಆಮ್‌ಸ್ಟರ್‌ಡ್ಯಾಮ್‌ನ ಕಾರ್ಡಿನಲ್ಲಿ ಆ್ಯನ್ ಫ್ರ್ಯಾಂಕ್ ಮನೆಯಿಲ್ಲ, ವ್ಯಾನ್ ಗೋ ಮ್ಯೂಸಿಯಮ್ಮಿಲ್ಲ. ರೋಮಿನ ಕಾರ್ಡಿನಲ್ಲಿ ವ್ಯಾಟಿಕನ್ ಇಲ್ಲ. ಜನ ಹೇಗೂ ಬಂದೇ ಬರುವ ಜಾಗಕ್ಕೆ ಕಾರ್ಡಿನ ಹಂಗಿಲ್ಲ. ಕಾರ್ಡಿಗೇ ಅದರ ಹಂಗು. ಲಂಡನ್ನಿನಲ್ಲಿ ಬ್ರಿಟಿಷ್ ಮ್ಯೂಸಿಯಂ, ನ್ಯಾಷನಲ್ ಗ್ಯಾಲರಿ, ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ಯಾವುದಕ್ಕೂ ಪ್ರವೇಶ ಶುಲ್ಕವಿಲ್ಲ. ಬಸ್ಸು, ಮೆಟ್ರೊಗಳಲ್ಲಿ ಬ್ಯಾಂಕ್ ಕಾರ್ಡನ್ನೇ ಮುಟ್ಟಿಸಿದರೆ ದಿನಕ್ಕೆ ಇಂತಿಷ್ಟಕ್ಕಿಂತ ಹೆಚ್ಚು ಕಡಿಯುವುದಿಲ್ಲ. ಗಂಡ ಹೆಂಡತಿ ಒಂದೇ ಕಾರ್ಡ್ ಮುಟ್ಟಿಸುವಂತಿಲ್ಲ, ತಲೆಗೊಂದು ಬೇಕು. ನಮ್ಮ ಬ್ಯಾಂಕುಗಳು ವಿದೇಶಿ ವಹಿವಾಟಿಗೆ ಹಾಕುವ ಶುಲ್ಕವನ್ನೂ ಮೊದಲೇ ವಿಚಾರಿಸಿಕೊಂಡಿರಬೇಕು. ಜಪಾನಿನದು ಹಳೆಯ ಸಲಹೆ ಹಳಸಿದ ಕಥೆ. ಅಲ್ಲಿಯ ಏಳು ದಿನದ ರೈಲು ಪಾಸ್ 29,650 ಯೆನ್ ಇತ್ತು. ಟೋಕಿಯೊದಿಂದ ಕ್ಯೋಟೊಗೆ ಬುಲೆಟ್ ರೈಲಿನಲ್ಲಿ ಹೋಗಿಬಂದರೆ ಹೆಚ್ಚುಕಡಿಮೆ ಅಷ್ಟು ಮುಟ್ಟುತ್ತಿತ್ತು. 2023ರ ಅಕ್ಟೋಬರಿನಲ್ಲಿ ಅದನ್ನು 50,000 ಯೆನ್ ಮಾಡಿದರು. ಅದಕ್ಕೂ ಮುಂಚೆ ಹೋಗಿಬಂದವರು ಈಗಲೂ ‘ಪಾಸ್ ತಗೋರಿ’ ಅನ್ನುತ್ತಲೇ ಇದ್ದಾರೆ.

ಊರಿಗೆ ಬಂದ ಮೇಲೆ ನಾನೂ ಷಡ್ಡಕರೂ ರಸೀದಿಗಳನ್ನು ಹರಡಿಕೊಂಡು ಕೂತೆವು. ಸ್ವಿಟ್ಜರ್ಲೆಂಡಿನ ಓಡಾಟದಲ್ಲಿ ನಮ್ಮ ಖರ್ಚು ಕಡಿಮೆ. ಅವರು ನೋಡಿದ ಜಾಗ ಹೆಚ್ಚು, ಅದನ್ನೂ ಒಪ್ಪಬೇಕು. ಬೆಳಿಗ್ಗೆ ಏಳಕ್ಕೆ ರೈಲು ಹಿಡಿದು ರಾತ್ರಿ ಹೋಟೆಲು ಸೇರುವ, ದಿನಕ್ಕೊಂದು ಊರು ಬದಲಿಸುವ ಹುರುಪಿನವರಿಗೆ ಪಾಸ್ ಸರಿ. ನನ್ನ ಹಾಗೆ ಮಗನ ಮನೆಯೋ ಒಂದೇ ಹೋಟೆಲೋ ನೆಲೆ ಮಾಡಿಕೊಂಡು, ಒಂದು ದಿನ ತಿರುಗಿ ಒಂದು ದಿನ ಕೂರುವವರಿಗೆ ಅರ್ಧ ಬೆಲೆಯ ಕಾರ್ಡೇ ಸರಿ. ಊರುಗಳ ಮ್ಯೂಸಿಯಂ ಪಾಸುಗಳನ್ನು ಅರವತ್ತು ದಾಟಿದವರು ಕೊಳ್ಳುವುದೇ ಬೇಡ ಎಂಬುದು ನನ್ನ ಅಭಿಪ್ರಾಯ. ಷಡ್ಡಕರು ಇದನ್ನು ಒಪ್ಪುವುದಿಲ್ಲ.

ಏಜೆಂಟರ ಮೂಲಕ ಹೋಗುವವರಿಗೆ ಒಂದು ವಿನಂತಿ. ಮುಂಗಡ ಕೊಡುವ ಮೊದಲು, ಕಾರ್ಡ್ ತೆಗೆದುಹಾಕಿದರೆ ಒಟ್ಟು ದರ ಎಷ್ಟು ಇಳಿಯುತ್ತದೆ ಎಂದು ಕೇಳಿ, ಕಾಗದದ ಮೇಲೆ ಬರೆಸಿಕೊಳ್ಳಿ. ಪಾಸ್ ಯಾವ ತಾರೀಖಿನಿಂದ ಶುರುವಾಗುತ್ತದೆ, ಯಾವ ಬೆಟ್ಟ ಅದರಲ್ಲಿ ಇಲ್ಲ ಎಂಬುದನ್ನೂ ಅದೇ ಕಾಗದದಲ್ಲಿ ಬರೆಸಿ.