ಹತ್ತು ಸಹಿಗಳ ಹೊರೆ

ವಿಧಾನಸಭೆಗೆ ಸ್ಪರ್ಧಿಸುವವರ ನಾಮಪತ್ರಕ್ಕೆ ಆ ಕ್ಷೇತ್ರದ ಮತದಾರರು ಸಹಿ ಹಾಕಿ ಹೆಸರನ್ನು ಸೂಚಿಸಬೇಕೆಂದು 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 33ನೇ ಪ್ರಕರಣ ವಿಧಿಸುತ್ತದೆ. ಹೀಗೆ ಸಹಿ ಹಾಕುವವರನ್ನು ಸೂಚಕರೆನ್ನುತ್ತಾರೆ. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕ ಸಾಕು, ಪಕ್ಷೇತರರಿಗೆ ಹತ್ತು ಮಂದಿ ಬೇಕು. ಊರೂರಲ್ಲೂ ಕಾರ್ಯಕರ್ತರಿರುವವರಿಂದ ಒಂದು ಸಹಿಯನ್ನೂ, ಅಂಥ ಬಲವಿಲ್ಲದವರಿಂದ ಹತ್ತನ್ನೂ ಕೇಳುವ ಈ ಏರ್ಪಾಟಿಗೆ, ಕಾಟಾಚಾರದ ಉಮೇದುವಾರಿಕೆಗಳನ್ನು ತಡೆಯಬೇಕೆಂಬ ಸಮರ್ಥನೆಯಿದೆ. ಆದರೆ ಗ್ರಾಮಾಂತರ ಕ್ಷೇತ್ರಗಳಲ್ಲಿ ಪರೀಕ್ಷೆಗೆ ಗುರಿಯಾಗುವುದು ಸಹಿ ಹಾಕಿದ ಮನೆಗಳ ತಾಳಿಕೆಯೇ. 2023ರ ಚುನಾವಣೆಯಲ್ಲಿ ಹಳೆಯ ಮೈಸೂರು ಭಾಗದ ಒಂದು ಕ್ಷೇತ್ರದಿಂದ ಪಕ್ಷೇತರವಾಗಿ ಸ್ಪರ್ಧಿಸಿದ ಪ್ರಸ್ತುತ ಲೇಖಕಿಯ ಅನುಭವವನ್ನು, ಮುಂದೆ ಇದೇ ದಾರಿ ಹಿಡಿಯಲಿರುವ ತಾಯಂದಿರಿಗಾಗಿ ಇಲ್ಲಿ ದಾಖಲಿಸಲಾಗಿದೆ.

ಲೇಖಕಿಯು ಸರ್ಕಾರಿ ಶಾಲೆಯ ಮಕ್ಕಳ ತಾಯಿ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ, ಅಂದರೆ ಎಲ್ಲರೂ ಎಸ್‌ಡಿಎಂಸಿ ಎನ್ನುವ ಪೋಷಕರ ಸಮಿತಿಯಲ್ಲಿ, ದುಡಿದವರು. ಇಂಥ ಸಮಿತಿಗಳಲ್ಲಿ ಮುಕ್ಕಾಲು ಪಾಲು ಪೋಷಕರೂ ಅರ್ಧದಷ್ಟು ಮಹಿಳೆಯರೂ ಇರಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆಯಾದರೂ, ಸೋರುವ ಕೊಠಡಿಯ ದುರಸ್ತಿಗೆ ಕೊನೆಗೂ ಎಡತಾಕಬೇಕಾಗುವುದು ಪ್ರತಿ ಶಾಸಕರಿಗೆ ವರ್ಷಕ್ಕೆ 2 ಕೋಟಿ ರೂಪಾಯಿ ಒದಗಿಸುವ ಪ್ರದೇಶಾಭಿವೃದ್ಧಿ ನಿಧಿಯ ಬಾಗಿಲನ್ನೇ. ಆ ಬಾಗಿಲ ಒಳಗಿರುವ ಮಹಿಳೆಯರು ತೀರಾ ಕಡಿಮೆ: 2023ರಲ್ಲಿ 224 ಸ್ಥಾನಗಳ ಪೈಕಿ ಮಹಿಳೆಯರು ಗೆದ್ದದ್ದು ಹತ್ತರಲ್ಲಿ. ಪಕ್ಷೇತರರಾಗಿ ಗೆದ್ದ ಹರಪನಹಳ್ಳಿಯ ಲತಾ ಮಲ್ಲಿಕಾರ್ಜುನ ಅವರು ಮಾಜಿ ಉಪಮುಖ್ಯಮಂತ್ರಿ ಎಂ. ಪಿ. ಪ್ರಕಾಶ್ ಅವರ ಮಗಳು. ಅಂಥ ಹಿನ್ನೆಲೆಯಿಲ್ಲದ ಪೋಷಕಿಯೊಬ್ಬರು ನಿಲ್ಲಬೇಕಾದ ಅಗತ್ಯವನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಒಬ್ಬ ಅಭ್ಯರ್ಥಿ ಒಂದೇ ಕ್ಷೇತ್ರಕ್ಕೆ ನಾಲ್ಕು ನಾಮಪತ್ರಗಳವರೆಗೆ ಸಲ್ಲಿಸಬಹುದು, ಠೇವಣಿ ಮಾತ್ರ ಒಮ್ಮೆ ಕಟ್ಟಿದರೆ ಸಾಕು. ಅದು ಸಾಮಾನ್ಯ ವರ್ಗಕ್ಕೆ 10,000 ರೂಪಾಯಿ, ಪರಿಶಿಷ್ಟರಿಗೆ 5,000. ಲೇಖಕಿಯು ಬೇರೆ ಬೇರೆ ಸೂಚಕರಿಂದ ಸಹಿ ಪಡೆದು ಎರಡು ನಾಮಪತ್ರಗಳನ್ನು ಸಲ್ಲಿಸಿದ್ದರು. ಸೂಚಕರಲ್ಲಿ ಬಹುಪಾಲು ಶಾಲೆಯ ಮಕ್ಕಳ ತಾಯಂದಿರು, ಅಜ್ಜಿಯರು. ಓದುಬರಹ ಬಾರದವರ ಹೆಬ್ಬೆಟ್ಟು ಸಿಂಧುವಾಗಬೇಕಾದರೆ ಅದನ್ನು ಚುನಾವಣಾಧಿಕಾರಿಯ ಅಥವಾ ಗೊತ್ತುಪಡಿಸಿದ ಅಧಿಕಾರಿಯ ಎದುರಿನಲ್ಲೇ ಒತ್ತಿ ದೃಢೀಕರಣ ಪಡೆಯಬೇಕು. ಆದುದರಿಂದ ಅಂಥವರು ಒಂದು ದಿನದ ಕೂಲಿ ಬಿಟ್ಟು ತಾಲ್ಲೂಕು ಕೇಂದ್ರಕ್ಕೆ ಬಂದಿದ್ದರು.

ಏಪ್ರಿಲ್ 21ರಂದು ನಾಮಪತ್ರ ಪರಿಶೀಲನೆ ನಡೆಯಿತು. ಆ ಕೋಣೆಗೆ ಅಭ್ಯರ್ಥಿ, ಚುನಾವಣಾ ಏಜೆಂಟ್, ಒಬ್ಬ ಸೂಚಕ ಮತ್ತು ಅಭ್ಯರ್ಥಿಯ ಲಿಖಿತ ಅನುಮತಿಯುಳ್ಳ ಇನ್ನೊಬ್ಬರಿಗೆ ಮಾತ್ರ ಪ್ರವೇಶವಿರುತ್ತದೆ. ಲೇಖಕಿಯು ಆ ಕೊನೆಯ ಸ್ಥಾನವನ್ನು ಪರಿಚಯದ ವಕೀಲರೊಬ್ಬರಿಗೆ ಕೊಟ್ಟಿದ್ದರು. ಮೊದಲ ನಾಮಪತ್ರ ಮೇಜಿನ ಮೇಲೆ ಬಂದೊಡನೆ ಎದುರಾಳಿ ಪಕ್ಷವೊಂದರ ವಕೀಲರು ಎದ್ದು, ಸೂಚಕಿಯೊಬ್ಬರ ಅಫಿಡವಿಟ್ಟನ್ನು ಮುಂದಿಟ್ಟರು. ನಾಮಪತ್ರದ ಮೇಲಿನ ಸಹಿ ತನ್ನದಲ್ಲವೆಂದು ಅದರಲ್ಲಿ ಬರೆದಿತ್ತು. ಆ ಸಹಿಯನ್ನು ಆಕೆ ಶಾಲೆಯ ಜಗಲಿಯ ಮೇಲೆ ಕುಳಿತು, ಮಗಳ ಪೆನ್ನಿನಿಂದ, ಹತ್ತಾರು ಜನರ ಎದುರಿಗೆ ಹಾಕಿದ್ದರು. ಆಕೆಯ ಗಂಡ ಟ್ರ್ಯಾಕ್ಟರ್ ಓಡಿಸುತ್ತಿದ್ದುದು ಒಬ್ಬ ಗುತ್ತಿಗೆದಾರರ ಬಳಿ. ಆ ಗುತ್ತಿಗೆದಾರರೊಂದಿಗೆ ವ್ಯವಹಾರವಿದ್ದ ಲೇಖಕಿಯ ಗಂಡನ ಅಣ್ಣನೇ ಹಿಂದಿನ ಸಂಜೆ ಆ ಮನೆಗೆ ಹೋಗಿ ಕುಳಿತಿದ್ದರೆಂಬುದು ಆಮೇಲೆ ತಿಳಿಯಿತು. ಕೆಲಸ ಕಳೆದುಕೊಳ್ಳುವ ಭಯದಲ್ಲಿದ್ದ ಆ ತಾಯಿಯ ಮೇಲೆ ಲೇಖಕಿಗೆ ಮುನಿಸಿಲ್ಲ. ಒಂದೇ ಪಂಕ್ತಿಯಲ್ಲಿ ಉಂಡು, ತಮ್ಮನ ಹೆಂಡತಿ ನಾಮಪತ್ರ ಹಾಕಿದ್ದು ಮನೆತನಕ್ಕೆ ಅವಮಾನವೆಂದು ಬಗೆದು, ಇನ್ನೊಬ್ಬರ ಅನ್ನದ ಮೇಲೆ ಬೆದರಿಕೆ ಹೂಡಿದ ಆ ಬಂಧುವಿನ ವಿಷಯದಲ್ಲಿ ಹಾಗೆ ಹೇಳಲಾಗದು.

ಸೂಚಕರ ಸಹಿ ನೈಜವಲ್ಲವೆಂದು ಕಂಡುಬಂದರೆ ನಾಮಪತ್ರ ತಿರಸ್ಕರಿಸಲು 36ನೇ ಪ್ರಕರಣ ಅವಕಾಶ ಕೊಡುತ್ತದೆ. ಅದೇ ಪ್ರಕರಣದ 5ನೇ ಉಪಪ್ರಕರಣ, ಆಕ್ಷೇಪಕ್ಕೆ ಉತ್ತರಿಸಲು ಅಭ್ಯರ್ಥಿಗೆ ಪರಿಶೀಲನೆಯ ನಂತರದ ಎರಡನೆಯ ದಿನದವರೆಗೆ ಸಮಯ ನೀಡಬಹುದೆಂದೂ ಹೇಳುತ್ತದೆ. ಆ ಸಮಯವನ್ನು ಕೇಳಿದಾಗ ಚುನಾವಣಾಧಿಕಾರಿಗಳು ಸಂಜೆಯೇ ಪಟ್ಟಿ ಪ್ರಕಟವಾಗಬೇಕೆಂದು ತಳ್ಳಿಹಾಕಿ, ಮೊದಲನೆಯದನ್ನು ಪಕ್ಕಕ್ಕಿಟ್ಟು ಎರಡನೆಯದನ್ನು ಕೈಗೆತ್ತಿಕೊಂಡರು. ಅಲ್ಲಿಯೂ ಒಬ್ಬ ಅಜ್ಜಿಯ ಕ್ರಮ ಸಂಖ್ಯೆ ಮತದಾರರ ಅಂತಿಮ ಪಟ್ಟಿಯೊಂದಿಗೆ ಹೊಂದಲಿಲ್ಲ. ನಾಮಪತ್ರದಲ್ಲಿ ಬರೆದಿದ್ದುದು ಕರಡು ಪಟ್ಟಿಯ ಸಂಖ್ಯೆ. ಆ ಪಟ್ಟಿಯನ್ನು ಲೇಖಕಿಗೆ ಕೊಟ್ಟಿದ್ದುದು ಅದೇ ಕಚೇರಿಯ ಗುಮಾಸ್ತರು. ನಾಮಪತ್ರ ಸ್ವೀಕರಿಸುವಾಗಲೇ ಹೆಸರು ಮತ್ತು ಸಂಖ್ಯೆಗಳನ್ನು ತಾಳೆ ನೋಡುವುದು ಚುನಾವಣಾಧಿಕಾರಿಯ ಕರ್ತವ್ಯವೆಂದು 33ನೇ ಪ್ರಕರಣದ 4ನೇ ಉಪಪ್ರಕರಣ ಸ್ಪಷ್ಟವಾಗಿ ಹೇಳುತ್ತದೆ. ಆ ಕರ್ತವ್ಯ ಅಂದು ನಡೆಯಲಿಲ್ಲ, ಅದರ ದಂಡ ಮಾತ್ರ ಅಭ್ಯರ್ಥಿಯ ಮೇಲೆ ಬೀಳುವುದರಲ್ಲಿತ್ತು. ಲೇಖಕಿಯ ವಕೀಲರು ಆ ಉಪಪ್ರಕರಣವನ್ನು ಗಟ್ಟಿಯಾಗಿ ಓದುತ್ತಿದ್ದಂತೆಯೇ ಅಧಿಕಾರಿಗಳು ಫೋನ್ ಹಿಡಿದು ಒಳಕೋಣೆಗೆ ಹೋದರು.

ಅವರು ಹೊರಬರುವವರೆಗಿನ ಹೊತ್ತು ಲೇಖಕಿಯ ಪಾಲಿಗೆ ಇಡೀ ಚುನಾವಣೆಯಲ್ಲೇ ಅತ್ಯಂತ ಕಠಿಣವಾಗಿತ್ತು. ಸೋಲಿಗೆ ಆಕೆ ಸಿದ್ಧರಿದ್ದರು. ಹೆಸರೇ ಮತಯಂತ್ರಕ್ಕೆ ಬಾರದೆ ಹೋಗುವುದಕ್ಕೆ ಸಿದ್ಧರಿರಲಿಲ್ಲ. ಎದುರಾಳಿಗಳ ಏಜೆಂಟರು ಕಾಫಿ ತರಿಸಿಕೊಂಡು, ಕಣದಲ್ಲಿ ಉಳಿಯುವವರು ಇಷ್ಟೇ ಎಂದು ಬೆರಳೆಣಿಸುತ್ತಿದ್ದರು. ಹೊರಗೆ ಬಿಸಿಲಿನಲ್ಲಿ ನಿಂತಿದ್ದ ಸೂಚಕರಿಗೆ ಏನು ಹೇಳಬೇಕೆಂದೂ, ಅಮ್ಮನ ಹೆಸರು ಯಂತ್ರದಲ್ಲಿ ಎಲ್ಲಿರುತ್ತದೆಂದು ಬೆಳಿಗ್ಗೆ ಕೇಳಿದ್ದ ಮಗನಿಗೆ ಏನು ಹೇಳಬೇಕೆಂದೂ ತೋಚದೆ, ಆಕೆ ಅಜ್ಜಿಯ ಮತದಾರರ ಗುರುತಿನ ಚೀಟಿಯ ನಕಲನ್ನೇ ಮತ್ತೆ ಮತ್ತೆ ನೋಡುತ್ತಿದ್ದರು. ಆ ಚೀಟಿಯ ಸಂಖ್ಯೆಯಿಂದ ಹುಡುಕಬಹುದೆಂಬ ಆಲೋಚನೆ ಅಲ್ಲಿಯೇ ಹೊಳೆಯಿತು. ಅಧಿಕಾರಿಗಳು ಮರಳಿದಾಗ ಅಜ್ಜಿಯನ್ನು ಸೂಚಕಿಯಾಗಿ ಒಳಗೆ ಕರೆಸಲಾಯಿತು. ಚೀಟಿಯ ಸಂಖ್ಯೆ ಹಿಡಿದು ನೋಡಿದಾಗ ಅದೇ ಭಾಗದಲ್ಲಿ, ಬೇರೆ ಕ್ರಮ ಸಂಖ್ಯೆಯಲ್ಲಿ ಹೆಸರು ಸಿಕ್ಕಿತು. ತನ್ನ ಹೆಬ್ಬೆಟ್ಟು ತನ್ನದೇ ಎಂದು ಅಜ್ಜಿ ಆ ಕೋಣೆಯಲ್ಲಿ ಗಟ್ಟಿದನಿಯಲ್ಲಿ ನುಡಿದದ್ದನ್ನು ಯಾವ ಭಾಷಣಕ್ಕಿಂತಲೂ ಮೇಲೆಂದು ಲೇಖಕಿ ಭಾವಿಸುತ್ತಾರೆ. ಮೊದಲ ನಾಮಪತ್ರ ತಿರಸ್ಕೃತವಾಯಿತು, ಎರಡನೆಯದು ಅಂಗೀಕೃತವಾಯಿತು. ಕಣದಲ್ಲಿ ಉಳಿಯಲು ಒಂದು ಸಾಕು.

ಇದು ಒಂದೇ ಕ್ಷೇತ್ರದ ಕಥೆಯಲ್ಲ. ಸರಿಯಾಗಿ ಒಂದು ವರ್ಷದ ನಂತರ, 2024ರ ಏಪ್ರಿಲ್ 21ರಂದು, ಸೂರತ್ ಲೋಕಸಭಾ ಕ್ಷೇತ್ರದ ಕಾಂಗ್ರೆಸ್ ಅಭ್ಯರ್ಥಿಯ ನಾಮಪತ್ರಗಳು ಸೂಚಕರು ಸಹಿಗಳನ್ನು ನಿರಾಕರಿಸಿದ ಕಾರಣಕ್ಕೆ ತಿರಸ್ಕೃತವಾದವು, ಮರುದಿನ ಬಿಜೆಪಿ ಅಭ್ಯರ್ಥಿ ಅವಿರೋಧವಾಗಿ ಆಯ್ಕೆಯಾದರು. ದೊಡ್ಡ ಪಕ್ಷಕ್ಕೇ ಹೀಗಾಗುವುದಾದರೆ ಪಕ್ಷೇತರರ ಪಾಡು ಊಹಿಸಬಹುದು. ತಿರಸ್ಕಾರದ ವಿರುದ್ಧ ಒಡನೆ ನ್ಯಾಯಾಲಯಕ್ಕೆ ಹೋಗಲೂ ಬರುವುದಿಲ್ಲ: ನಾಮಕ್ಕಲ್ ಕ್ಷೇತ್ರದ ಪೊನ್ನುಸ್ವಾಮಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 1952ರಲ್ಲಿ, ಸಂವಿಧಾನದ 329ನೇ ವಿಧಿಯಂತೆ ಚುನಾವಣೆ ಮುಗಿದ ಮೇಲಷ್ಟೇ ತಕರಾರು ಅರ್ಜಿ ಸಲ್ಲುತ್ತದೆಂದು ತೀರ್ಪಿತ್ತಿದೆ.

ಆದುದರಿಂದ ನಾಲ್ಕೂ ನಾಮಪತ್ರಗಳನ್ನು ನಲವತ್ತು ಪ್ರತ್ಯೇಕ ಸೂಚಕರಿಂದ ತುಂಬಿಸುವುದು, ಅಂತಿಮ ಪಟ್ಟಿಯ ದೃಢೀಕೃತ ಪ್ರತಿಯಿಂದಲೇ ಸಂಖ್ಯೆ ಬರೆಯುವುದು, ಸಹಿ ಹಾಕುವುದನ್ನು ವಿಡಿಯೊ ಮಾಡಿಡುವುದು ಅಗತ್ಯ. ಆಸ್ತಿ, ಸಾಲ, ಮೊಕದ್ದಮೆಗಳನ್ನು ಘೋಷಿಸುವ ನಮೂನೆ 26ರಲ್ಲಿ ಯಾವ ಅಂಕಣವನ್ನೂ ಖಾಲಿ ಬಿಡದೆ, ಇಲ್ಲದ್ದನ್ನು ಇಲ್ಲವೆಂದೇ ಬರೆಯಬೇಕು. ಪರಿಶೀಲನೆಯ ದಿನಕ್ಕೆ ಮೊದಲೇ ಪ್ರಮಾಣವಚನ ಸ್ವೀಕರಿಸಬೇಕು.

ಪ್ರಚಾರದ ಬಗ್ಗೆ ಹೇಳುವುದು ಕಡಿಮೆ. ಚಿಹ್ನೆ ಸಿಕ್ಕಿದ್ದು ಏಪ್ರಿಲ್ 24ರಂದು, ಬಹಿರಂಗ ಪ್ರಚಾರ ಮುಗಿದದ್ದು ಮೇ 8ರ ಸಂಜೆ. ಅಷ್ಟರಲ್ಲಿ ಹೊಸ ಚಿಹ್ನೆಯೊಂದನ್ನು ಇಡೀ ಕ್ಷೇತ್ರಕ್ಕೆ ಪರಿಚಯಿಸುವುದು ಅಸಾಧ್ಯ. ಸಿಂಧುವಾದ ಮತಗಳ ಆರನೇ ಒಂದು ಪಾಲಿಗಿಂತ ಹೆಚ್ಚು ಪಡೆಯದವರ ಠೇವಣಿ ಮುಟ್ಟುಗೋಲಾಗುತ್ತದೆ, ಲೇಖಕಿಯದೂ ಆಯಿತು. ಸೋತವರೂ ಫಲಿತಾಂಶದ ಮೂವತ್ತು ದಿನಗಳೊಳಗೆ ಜಿಲ್ಲಾ ಚುನಾವಣಾಧಿಕಾರಿಗೆ ವೆಚ್ಚದ ಲೆಕ್ಕ ಒಪ್ಪಿಸಬೇಕು, ತಪ್ಪಿದರೆ ಚುನಾವಣಾ ಆಯೋಗವು ಮೂರು ವರ್ಷ ಅನರ್ಹಗೊಳಿಸಬಹುದು. ಲೇಖಕಿಯ ಲೆಕ್ಕ ಅವಧಿಯೊಳಗೇ ಸಲ್ಲಿಕೆಯಾಗಿದೆ, ಸ್ವೀಕೃತಿ ಪತ್ರ ಕೈಯಲ್ಲಿದೆ. ಎರಡನೆಯ ನಾಮಪತ್ರದ ಸೂಚಕರೆಲ್ಲರೂ ಮುಂದಿನ ಬಾರಿಯೂ ಸಹಿ ಹಾಕಲು ಒಪ್ಪಿದ್ದಾರೆ.