ಕಾಲರಾ ನಕ್ಷೆಯ ಖಾಲಿ ಜಾಗಗಳು

ಕಾಲರಾ ಯಾವ ಊರಲ್ಲಿ, ಯಾವ ವರ್ಷ, ಎಷ್ಟು ಸಲ ಮರುಕಳಿಸಿದೆ ಎಂದು ಹಳೆಯ ದಾಖಲೆ ಹಿಡಿದು ನಕ್ಷೆ ಬರೆಯುವುದು ನನ್ನ ಕೆಲಸ. ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ಹೇಳಬೇಕಾದ ಕೆಲವು ಮಾತುಗಳಿವೆ.

1. ಮೊದಲು ಖಾಲಿ ಜಾಗ ನೋಡಿ. ಚುಕ್ಕೆಯಿಲ್ಲದ ತಾಲ್ಲೂಕಿನಲ್ಲಿ ರೋಗವೇ ಇಲ್ಲ ಎಂದು ಸಭೆಗಳಲ್ಲಿ ಎಲ್ಲರೂ ಸಮಾಧಾನಪಟ್ಟುಕೊಳ್ಳುತ್ತಾರೆ. ಎಷ್ಟೋ ಕಡೆ ಮಲದ ಮಾದರಿ ಪ್ರಯೋಗಾಲಯಕ್ಕೆ ಹೋಗಿರುವುದೇ ಇಲ್ಲ; ಹೋದರೂ ಆ್ಯಂಟಿಬಯಾಟಿಕ್ ಕೊಟ್ಟ ಮೇಲೆ ಹೋಗಿರುತ್ತದೆ, ಆಗ ರೋಗಾಣು ಬೆಳೆಯುವುದು ಅನುಮಾನ. ರಿಜಿಸ್ಟರಿನಲ್ಲಿ ಬರೀ ವಾಂತಿಭೇದಿ ಎಂದು ಉಳಿಯುತ್ತದೆ. 1997ರಿಂದ 2006ರವರೆಗಿನ ಭಾರತದ ವರದಿಗಳನ್ನು ಕಲೆಹಾಕಿದ ಸಂಶೋಧಕರಿಗೆ 2,22,038 ಪ್ರಕರಣ ಸಿಕ್ಕವು. ಅದೇ ಅವಧಿಗೆ ವಿಶ್ವ ಆರೋಗ್ಯ ಸಂಸ್ಥೆಗೆ ತಲುಪಿದ ಲೆಕ್ಕ 37,783. ಮಾದರಿ ಎಲ್ಲೆಲ್ಲಿಂದ ಬಂತು, ಎಲ್ಲಿಂದ ಬರಲೇ ಇಲ್ಲ ಎಂಬ ಇನ್ನೊಂದು ನಕ್ಷೆ ಜೊತೆಗಿರಲಿ.

2. ಊರಿನ ಮಟ್ಟದಲ್ಲೇ ಗುರುತು ಹಾಕಿ, ಜಿಲ್ಲೆಯ ಮಟ್ಟದಲ್ಲಲ್ಲ. 2007ರಲ್ಲಿ ಚಿಕ್ಕಬಳ್ಳಾಪುರ, ರಾಮನಗರ ಬೇರೆಯಾದವು, 2021ರಲ್ಲಿ ವಿಜಯನಗರ. ಗಡಿ ಬದಲಾದದ್ದನ್ನು ಮರೆತರೆ ಬಳ್ಳಾರಿಯಲ್ಲಿ ಕೇಸು ಇಳಿದಂತೆ ಕಂಡೀತು. ಇಳಿದದ್ದು ತಾಲ್ಲೂಕುಗಳ ಸಂಖ್ಯೆ.

3. ಬೇಕಿರುವುದು ಭೇದಿ ಶುರುವಾದ ದಿನ, ವರದಿ ಬಂದ ದಿನವಲ್ಲ. ಸೋಂಕು ತಗುಲಿದ ಕೆಲವೇ ಗಂಟೆಗಳಿಂದ ಐದು ದಿನದೊಳಗೆ ರೋಗ ಕಾಣಿಸಿಕೊಳ್ಳುತ್ತದೆ. ದಿನಾಂಕ ಒಂದು ವಾರ ಆಚೀಚೆಯಾದರೆ ಯಾವ ನೀರಿನಿಂದ ಬಂತೆಂದು ಪತ್ತೆಹಚ್ಚಲಾಗದು.

4. ನೀರುಗಂಟಿಯ ಜೊತೆ ನಡೆಯಿರಿ. ಒಂದೂರಿನಲ್ಲಿ ಚುಕ್ಕೆಗಳೆಲ್ಲ ದೂರದೂರದ ಎರಡು ಓಣಿಗಳಲ್ಲಿದ್ದವು, ನಡುವಿನ ಓಣಿ ಪೂರ್ತಿ ಖಾಲಿ. ಕಾಗದದ ಮೇಲೆ ಮೂರಕ್ಕೂ ಒಂದೇ ಪೈಪ್‌ಲೈನು. ನಡುವಿನ ಓಣಿಗೆ ಬೇರೆ ಕೊಳವೆಬಾವಿಯಿದೆ ಎಂದು ತೋರಿಸಿಕೊಟ್ಟವನು ನೀರುಗಂಟಿ. ಉಳಿದೆರಡಕ್ಕೆ ಹಳೆಯ ಲೈನು. ಅದರ ವಾಲ್ವ್ ಗುಂಡಿ ಚರಂಡಿಗೆ ಅಂಟಿಕೊಂಡಿತ್ತು, ಕಪ್ಪು ನೀರಿನ ಮೇಲೆ ವಾಲ್ವಿನ ಹಿಡಿಯಷ್ಟೇ ಕಾಣುತ್ತಿತ್ತು. ನೀರು ನಿಲ್ಲಿಸಿದಾಗ ಪೈಪಿನೊಳಗೆ ಒತ್ತಡ ಇಳಿದು, ಸೋರುವ ಕಡೆಯಿಂದ ಕೊಳಕು ಒಳಗೆಳೆದುಕೊಳ್ಳುತ್ತದೆ. ಮರುದಿನ ಮೊದಲ ಕೊಡ ಹಿಡಿದವರ ಹೊಟ್ಟೆಗೆ ಹೋಗುವುದು ಅದೇ. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟ್ ಪಂಪನ್ನು ಹಿಡಿದ ಜಾನ್ ಸ್ನೋ ಕೂಡ ಸತ್ತವರನ್ನಷ್ಟೇ ಎಣಿಸಲಿಲ್ಲ. ಹತ್ತಿರದ ಬಡವರ ದುಡಿಮೆಮನೆಯ (ವರ್ಕ್‌ಹೌಸ್) 535 ಮಂದಿಯಲ್ಲಿ ಸತ್ತವರು ಐವರೇ ಏಕೆ ಎಂದು ಕೇಳಿದರು. ಅಲ್ಲಿಗೆ ಸ್ವಂತ ಬಾವಿಯಿತ್ತು.

5. ಬಂಗಾಳದ ಋತುಮಾನವನ್ನು ಇಲ್ಲಿಗೆ ತರಬೇಡಿ. ಅಲ್ಲಿನ ಮುಖಜಭೂಮಿಯಲ್ಲಿ ಮಳೆಗೆ ಮುಂಚೆ ಒಮ್ಮೆ, ಮಳೆ ಕಳೆದ ಮೇಲೆ ಇನ್ನೊಮ್ಮೆ ರೋಗ ಏರುತ್ತದೆ. ಇಲ್ಲಿ ಯಾವಾಗ ಏರುತ್ತದೆ ಎಂಬುದನ್ನು ಇಲ್ಲಿನ ದಾಖಲೆಗಳಿಂದಲೇ ತಿಳಿಯಿರಿ.

6. ನಕ್ಷೆಯನ್ನು ಮಳೆಗಾಲಕ್ಕೆ ಮುಂಚೆ, ಮೇ ತಿಂಗಳಲ್ಲೇ ಪಂಚಾಯಿತಿಗೆ ಕೊಡಿ. ಪದೇಪದೇ ಚುಕ್ಕೆ ಬಿದ್ದ ಓಣಿಗಳ ಹೆಸರನ್ನು ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಬರೆದಿರಿ. ಆ ಲೈನಿನ ಕೊನೆಯ ಮನೆಯ ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿದೆಯೇ ಎಂದು ಅವರ ಎದುರಿಗೇ ಪರೀಕ್ಷಿಸಿ ತೋರಿಸಿ.