ಸಾಲ್ತರೆಲ್ಲೊ ಮೂಲಕ ಲಯದ ಪಾಠ: ಮೂರು ಶಾಲೆಗಳ ಬೋಧನಾಭ್ಯಾಸ

ತರಗತಿ: 7
ಅವಧಿ: 40 ನಿಮಿಷ
ವಿಷಯ: ಕಲಾಶಿಕ್ಷಣ (ಗಣಿತದೊಂದಿಗೆ ಅನುಬಂಧ)
ಉಪಕರಣ: ಮೊಬೈಲ್, ಸಣ್ಣ ಸ್ಪೀಕರ್, ಕಪ್ಪುಹಲಗೆ

ಹಾವೇರಿ, ರಾಣೆಬೆನ್ನೂರು ಮತ್ತು ಬ್ಯಾಡಗಿಯ ತಲಾ ಒಂದು ಶಾಲೆಯಲ್ಲಿ ಈ ಪಾಠ ಮಾಡಿದೆ. ಸಂಗೀತದ ಪಾಠವೆಂದರೆ ವೀಕ್ಷಣಾ ಹಾಳೆಯಲ್ಲಿ "ಮಕ್ಕಳು ಸಂತೋಷದಿಂದ ಭಾಗವಹಿಸಿದರು" ಎಂದು ಬರೆದು ಮುಗಿಸುವ ರೂಢಿ ಇದೆ. ಏನು ಕಲಿತರು ಎಂದು ತೋರಿಸಲಾಗದಿದ್ದರೆ ಪರೀಕ್ಷೆ ಹತ್ತಿರವಾದಂತೆ ಕಲಾಶಿಕ್ಷಣದ ಅವಧಿ ಬೇರೆ ವಿಷಯದ ಪಾಲಾಗುತ್ತದೆ. ಆದ್ದರಿಂದ ಅಳೆಯಬಹುದಾದ ಒಂದೇ ಉದ್ದೇಶ ಇಟ್ಟುಕೊಂಡೆ.

ಉದ್ದೇಶ
ಒಂದೇ ವೇಗದ ಆರು ಮಾತ್ರೆಗಳು ಮೂರರ ಎರಡು ಗುಂಪಾಗಿವೆಯೋ, ಎರಡರ ಮೂರು ಗುಂಪಾಗಿವೆಯೋ ಎಂಬುದನ್ನು ಮಗು ಕೇಳಿ ಗುರುತಿಸಬೇಕು; ಚಪ್ಪಾಳೆಯಲ್ಲಿ ತೋರಿಸಬೇಕು.

ವಿಷಯಾಂಶ
ಸಾಲ್ತರೆಲ್ಲೊ ಇಟಲಿಯ ಹಳೆಯ, ಚುರುಕಾದ ಕುಣಿತ. ಇಟಾಲಿಯನ್ ಭಾಷೆಯ 'ಸಾಲ್ತಾರೆ' ಎಂದರೆ ಜಿಗಿ. ಹೆಸರು ಬಂದದ್ದು ಅದರಿಂದ. ಲೂಟ್ ಎಂಬುದು ಅರ್ಧ ಸೀಳಿದ ಪೇರಲೆಹಣ್ಣಿನಾಕಾರದ ಒಡಲುಳ್ಳ, ತಂತಿ ಮೀಟಿ ನುಡಿಸುವ ವಾದ್ಯ. ಜೊವಾನ್ ಅಂಬ್ರೋಸಿಯೊ ಡಾಲ್ಜಾ ಅವರ ಲೂಟ್ ರಚನೆಗಳನ್ನು ಪೆತ್ರುಚ್ಚಿ 1508ರಲ್ಲಿ ವೆನಿಸ್‌ನಲ್ಲಿ ಮುದ್ರಿಸಿದರು. ಅದರಲ್ಲಿ ಎರಡರ ನಡೆಯ, ನಿಧಾನವಾದ ಪವಾನಾದ ಹಿಂದೆಯೇ ಮೂರರ ನಡೆಯ ಸಾಲ್ತರೆಲ್ಲೊ, ಆಮೇಲೆ ಪೀವಾ ಎಂಬ ಕುಣಿತ ಬರುತ್ತವೆ.

ಪಾಠದ ಹಂತಗಳು
1. ಡೊಳ್ಳು ಕುಣಿತದಲ್ಲಿ ಬಾರಿಸುವವರೇ ಜಿಗಿಯುವುದನ್ನು ಮಕ್ಕಳು ಜಾತ್ರೆಯಲ್ಲಿ ಕಂಡಿದ್ದಾರೆ. ಅದನ್ನು ಕೇಳಿ, ಹೇಳಿಸಿ, 'ಜಿಗಿಯುವ ಕುಣಿತ'ಕ್ಕೆ ಬಂದೆ.
2. ಡಾಲ್ಜಾ ಅವರ ಒಂದು ಪವಾನಾ, ನಂತರ ಅದರ ಸಾಲ್ತರೆಲ್ಲೊ ಕೇಳಿಸಿದೆ. "ಏನು ಬದಲಾಯಿತು?" ಎಂದಾಗ ಮೂರೂ ಕಡೆ ಬಂದ ಮೊದಲ ಉತ್ತರ: "ಸ್ಪೀಡ್ ಆತ್ರಿ ಸರ."
3. ಧ್ವನಿ ನಿಲ್ಲಿಸಿ, ಹಲಗೆಯ ಮೇಲೆ ಎರಡು ಸಾಲು ಬರೆದೆ:
ತಕಿಟ ತಕಿಟ
ತಕ ತಕ ತಕ
ಎರಡರಲ್ಲೂ ಆರೇ ಅಕ್ಷರ. ಬೆಂಚಿನ ಮೇಲೆ ಒಬ್ಬರು ಸಮವಾಗಿ ಕುಟ್ಟುತ್ತಿರಲು ಉಳಿದವರು ಎರಡನ್ನೂ ಅದೇ ವೇಗದಲ್ಲಿ ಹೇಳಿದರು. 'ತ' ಬಂದಲ್ಲಿ ಮಾತ್ರ ಚಪ್ಪಾಳೆ. ದಾದ್ರಾ ತಾಳದ ಆರು ಮಾತ್ರೆಗಳೂ ಮೂರು-ಮೂರರ ಗುಂಪೆಂದು ತಬಲಾ ಬಲ್ಲ ಮಕ್ಕಳಿದ್ದರೆ ನೆನಪಿಸಬಹುದು.
4. ಸಾಲ್ತರೆಲ್ಲೊ ಮತ್ತೆ ಕೇಳಿಸಿ, ಯಾವ ಸಾಲು ಹೊಂದುತ್ತದೆ ಎಂದು ಕೇಳಿದೆ.

ಗಮನಿಸಿದ್ದು
"ಸ್ಪೀಡ್" ಎಂಬ ಉತ್ತರ ಅರ್ಧ ಸರಿ. ಸಾಲ್ತರೆಲ್ಲೊ ಚುರುಕೂ ಹೌದು. ಆದರೆ ವೇಗವೂ ಗುಂಪೂ ಒಟ್ಟಿಗೆ ಬದಲಾದಾಗ ಮಗುವಿನ ಕಿವಿ ವೇಗವನ್ನಷ್ಟೇ ಹಿಡಿಯುತ್ತದೆ. ವೇಗವನ್ನು ಒಂದೇ ಮಟ್ಟದಲ್ಲಿ ಹಿಡಿದ ಮೂರನೆಯ ಹಂತದಲ್ಲಿ ಬ್ಯಾಡಗಿಯ ಒಬ್ಬ ವಿದ್ಯಾರ್ಥಿನಿ ಹೇಳಿದಳು: "ಎಣಿಕಿ ಅಷ್ಟೇ ಐತ್ರಿ, ಪೆಟ್ಟು ಬೀಳೋ ಜಾಗ ಬ್ಯಾರೆ." ಪಾಠದ ಸಾರ ಇದೇ. 2×3, 3×2 ಎರಡರ ಗುಣಲಬ್ಧ ಒಂದೇ, ಜೋಡಣೆ ಬೇರೆ ಎಂಬ ಗಣಿತದ ಮಾತಿಗೆ ಅಲ್ಲಿಂದಲೇ ದಾಟಿದೆ.

ಮೌಲ್ಯಮಾಪನ
ಮಕ್ಕಳು ಕಣ್ಣು ಮುಚ್ಚಿದರು. ನಾನು ಸಾಲುಗಳನ್ನು ಬಾಯಲ್ಲಿ ಹೇಳದೆ ಮೇಜಿನ ಮೇಲೆ ಒತ್ತು ಕೊಟ್ಟು ಬಾರಿಸಿದೆ. ಅವರು ಗುಂಪಿನ ಅಳತೆಗೆ ತಕ್ಕಂತೆ ಎರಡೋ ಮೂರೋ ಬೆರಳು ಎತ್ತಿದರು. ಕಣ್ಣು ಮುಚ್ಚಿದ್ದರಿಂದ ಪಕ್ಕದವರನ್ನು ನೋಡಿ ಉತ್ತರಿಸುವುದು ತಪ್ಪಿತು.

ಪ್ರಶಿಕ್ಷಣಾರ್ಥಿಗಳಿಗೆ ಸೂಚನೆ
ಧ್ವನಿಮುದ್ರಿಕೆ ಸಿಗದಿದ್ದರೂ ಮೂರನೆಯ ಹಂತ ನಡೆಯುತ್ತದೆ, ಅದನ್ನು ಬಿಡಬೇಡಿ. ಮಗು "ಸ್ಪೀಡ್" ಎಂದರೆ ತಪ್ಪೆನ್ನಬೇಡಿ; "ಹಾಗಾದರೆ ವೇಗ ಒಂದೇ ಇಟ್ಟು ನೋಡೋಣ" ಎನ್ನಿ. ವೀಕ್ಷಕರು ಬೆರಳೆತ್ತಿದ ಮಕ್ಕಳನ್ನು ಎಣಿಸಿ, ಸರಿ-ತಪ್ಪು ಎರಡನ್ನೂ ಹಾಳೆಯಲ್ಲಿ ಬರೆದುಕೊಳ್ಳಲಿ.